999 ರಾಜ್ ಜೊತೆಗೇ ನಿಂತಿತು, 007 ಆರು ಮುಖ ದಾಟಿತು: ಹೀರೋ ಬದಲಾದರೆ ಗೂಢಚಾರಿ ಸರಣಿ ಓಡುತ್ತಾ?

2021ರ 'ನೋ ಟೈಮ್ ಟು ಡೈ' ಡೇನಿಯಲ್ ಕ್ರೇಗ್‌ಗೆ ಕೊನೆಯ ಜೇಮ್ಸ್ ಬಾಂಡ್ ಚಿತ್ರ. 2025ರ ಫೆಬ್ರವರಿಯಲ್ಲಿ ಅಮೆಜಾನ್ ಎಂಜಿಎಂ ಈ ಸರಣಿಯ ಸೃಜನಶೀಲ ಹಿಡಿತವನ್ನು ಬ್ರಾಕ್ಲಿ ಕುಟುಂಬದಿಂದ ತನ್ನ ಕೈಗೆ ತೆಗೆದುಕೊಂಡಿತು. ಜೂನ್‌ನಲ್ಲಿ ಡೆನಿ ವಿಲ್ನವ್ ನಿರ್ದೇಶಕ ಅಂತ ಘೋಷಣೆಯೂ ಆಯಿತು. ಮುಂದಿನ ಬಾಂಡ್ ಯಾರು ಅನ್ನೋ ಚರ್ಚೆ ಇಡೀ ಜಗತ್ತಿನಲ್ಲಿ ನಡೆದಿದೆ. ನನಗೆ ಅದಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ ಇನ್ನೊಂದಿದೆ. ಮುಖ ಬದಲಾದ ಮೇಲೂ ದುಡ್ಡು ಬರುತ್ತಾ? ಬಂದರೆ ಎಷ್ಟು ಚಿತ್ರದವರೆಗೆ?

ಈ ಪ್ರಶ್ನೆ ಕನ್ನಡದ್ದೂ ಹೌದು. ಯಾಕೆಂದರೆ ನಮ್ಮಲ್ಲೂ ಒಬ್ಬ ಬಾಂಡ್ ಇದ್ದ. ಅವನಿಗೂ ಮೂರಂಕಿಯ ನಂಬರ್ ಇತ್ತು. ಅವನು ನಾಲ್ಕು ಚಿತ್ರ ಮಾಡಿ ನಿಂತುಬಿಟ್ಟ. ಅವನ ಕೋಟನ್ನು ಇನ್ನೊಬ್ಬರು ತೊಟ್ಟುಕೊಳ್ಳಲೇ ಇಲ್ಲ. ಲಂಡನ್ನಿನ ಏಜೆಂಟ್ ಆರು ದಶಕ ಉಳಿದ, ನಮ್ಮವನು ಹತ್ತೇ ವರ್ಷಕ್ಕೆ ಮುಗಿದ. ಯಾಕೆ ಅನ್ನೋದನ್ನು ಬಿಡಿಸಿ ನೋಡಿದರೆ ಸಿನಿಮಾ ವ್ಯಾಪಾರದ ಜೊತೆಗೆ ನಮ್ಮ ರಾಜಕಾರಣದ ಒಂದು ಅಭ್ಯಾಸವೂ ಕಾಣುತ್ತೆ.

ನಾಲ್ಕು ಚಿತ್ರ, ಒಂದೇ ಮುಖ

1968ರಲ್ಲಿ 'ಜೇಡರ ಬಲೆ' ಬಂತು. ದೊರೈ–ಭಗವಾನ್ ಜೋಡಿಯ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ, ಸಿಐಡಿ 999 ಪ್ರಕಾಶ್ ಆಗಿ ರಾಜ್‌ಕುಮಾರ್. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಆಮೇಲೆ ಒಂಬತ್ತು ವರ್ಷ ಸುದ್ದಿಯಿಲ್ಲ. 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಅದರಲ್ಲಿ ರಾಜ್ ಹಾಡಿದ ಇಂಗ್ಲಿಷ್ ಹಾಡು ಇವತ್ತಿಗೂ ಮೊಬೈಲಿಂದ ಮೊಬೈಲಿಗೆ ಹಾರುತ್ತಿದೆ. ಸರಣಿ ಮಾತ್ರ ಅಲ್ಲಿಗೇ ಮುಗಿಯಿತು.

ಕಾಲ ಗಮನಿಸಿ. 1968 ಅಂದರೆ 1962 ಮತ್ತು 1965ರ ಯುದ್ಧಗಳ ನೆನಪು ಹಸಿಯಾಗಿದ್ದ ಕಾಲ. ಚಿನ್ನ ನಿಯಂತ್ರಣ ಕಾಯ್ದೆ ಬಂದಿದ್ದು ಆ ವರ್ಷವೇ. ಕಳ್ಳಸಾಗಣೆ ಅನ್ನೋದು ದಿನಪತ್ರಿಕೆಯ ಪದವಾಗಿತ್ತು. ಗೋವಾ ಭಾರತಕ್ಕೆ ಸೇರಿ ಏಳೇ ವರ್ಷ ಆಗಿತ್ತು. ದೇಶದ ಹೊರಗಿನ ಗೂಢಚಾರಿಕೆಗೆ ಅಂತಲೇ 'ರಾ' ಸಂಸ್ಥೆ ಹುಟ್ಟಿದ್ದೂ 1968ರ ಸೆಪ್ಟೆಂಬರ್‌ನಲ್ಲಿ. ಹಾಗಾಗಿ 999 ಬರೀ ಬಾಂಡ್‌ನ ನಕಲು ಅಲ್ಲ. ಆ ಕಾಲದ ಆತಂಕಗಳೂ ಅವನ ಬೆನ್ನಿಗಿದ್ದವು.

ಇಲ್ಲಿ ಒಂದು ತಮಾಷೆ ಇದೆ. ಈ ಸರಣಿಯಲ್ಲಿ ಪಾತ್ರವರ್ಗ ಬದಲಾಗಲೇ ಇಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಜಯಂತಿ, ಲಕ್ಷ್ಮಿ, ರೇಖಾ, ಪದ್ಮಪ್ರಿಯಾ ಹೀಗೆ ಪ್ರತಿ ಚಿತ್ರಕ್ಕೂ ನಾಯಕಿ ಬದಲಾದರು. ಯಾರೂ ಅದನ್ನು ಸರಣಿಯ ಬಿಕ್ಕಟ್ಟು ಅಂತ ಕರೆಯಲಿಲ್ಲ. ಬಾಂಡ್‌ನಲ್ಲೂ ಹಾಗೇ. ಯಾರನ್ನು ಬದಲಿಸಬಹುದು, ಯಾರನ್ನು ಬದಲಿಸಬಾರದು ಅನ್ನೋ ಲೆಕ್ಕ ಮೊದಲಿಂದಲೂ ಗಂಡಸಿನ ಮುಖದ ಸುತ್ತಲೇ ನಡೆದಿದೆ.

ಗಡಿಯಾಚೆ ಉಲ್ಟಾ ಲೆಕ್ಕ

ನಾನು ವೈ.ಎನ್. ಹೊಸಕೋಟೆಯವನು. ಪಾವಗಡ ತಾಲ್ಲೂಕಿನ ನಕ್ಷೆ ನೋಡಿದವರಿಗೆ ಗೊತ್ತು, ಬಹುಪಾಲು ಆಂಧ್ರವೇ ಸುತ್ತುವರಿದ ಜಾಗ ಅದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನೋದು ನಮ್ಮ ಕಡೆ ಮಾಮೂಲು. ಹಾಗಾಗಿ ನಮಗೆ ಇಬ್ಬರು ಗೂಢಚಾರಿಗಳು. ಈ ಕಡೆ ರಾಜ್‌ಕುಮಾರ್, ಆ ಕಡೆ ಕೃಷ್ಣ.

ಕೃಷ್ಣ ಅವರ 'ಗೂಢಚಾರಿ 116' ಬಂದಿದ್ದು 1966ರಲ್ಲಿ, ಅಂದರೆ 'ಜೇಡರ ಬಲೆ'ಗೆ ಎರಡು ವರ್ಷ ಮೊದಲು. 1971ರಲ್ಲಿ ಅವರೇ 'ಜೇಮ್ಸ್ ಬಾಂಡ್ 777' ಮಾಡಿದರು. 1989ರಲ್ಲಿ 'ಗೂಢಚಾರಿ 117'. ನೋಡಿ, ನಂಬರ್ ಬದಲಾಗುತ್ತಾ ಹೋಯಿತು, ಮುಖ ಅದೇ ಉಳಿಯಿತು. ಲಂಡನ್ನಿನಲ್ಲಿ ನಂಬರ್ ಅದೇ ಇಟ್ಟುಕೊಂಡು ಮುಖ ಬದಲಿಸಿದರು. ಎರಡು ಉದ್ಯಮಗಳು ಯಾವುದನ್ನು ಬಂಡವಾಳ ಅಂದುಕೊಂಡಿವೆ ಅನ್ನೋದು ಇದರಲ್ಲೇ ತಿಳಿಯುತ್ತೆ.

ಹಾಗಂತ 116ಕ್ಕೆ ಬೇರೆ ಮುಖ ಸಿಗಲೇ ಇಲ್ಲ ಅಂತಲ್ಲ. 1967ರಲ್ಲಿ ಹಿಂದಿಯ 'ಫರ್ಜ್' ಬಂತು. ಅದು 'ಗೂಢಚಾರಿ 116'ರ ರೀಮೇಕ್. ಏಜೆಂಟ್ 116 ಆಗಿ ಜಿತೇಂದ್ರ. ಅವರ ವೃತ್ತಿಬದುಕಿಗೆ ದೊಡ್ಡ ತಿರುವು ಕೊಟ್ಟ ಚಿತ್ರ ಅದು. ನನ್ನ ಪ್ರಕಾರ ಭಾರತದಲ್ಲಿ ಪಾತ್ರಕ್ಕೆ ಹೊಸ ಮುಖ ಹುಡುಕುವ ಕೆಲಸ ನಡೆದಿದ್ದೇ ಹೀಗೆ. ಸರಣಿಯ ಒಳಗೆ ಅಲ್ಲ, ಭಾಷೆಯಿಂದ ಭಾಷೆಗೆ. ಒಂದು ಭಾಷೆಯ ಒಳಗೆ ಪಾತ್ರ ನಟನ ಖಾಸಗಿ ಆಸ್ತಿ. ಗಡಿ ದಾಟಿದ ತಕ್ಷಣ ಯಾರು ಬೇಕಾದರೂ ಆಡಬಹುದು.

ಬಾಂಡ್ ಲೆಕ್ಕ: ಮೊದಲನೆಯದು ಏರುತ್ತೆ, ಎರಡನೆಯದು ಇಳಿಯುತ್ತೆ

ಈಗ ಅಂಕಿಗಳಿಗೆ ಬರೋಣ. ಕೆಳಗಿನವು ಜಾಗತಿಕ ಗಳಿಕೆಯ ಸುಮಾರು ಲೆಕ್ಕ, ಕೋಟಿ ಡಾಲರ್‌ಗಳಲ್ಲಿ. ಡಾಲರ್‌ನ ಬೆಲೆ ದಶಕದಿಂದ ದಶಕಕ್ಕೆ ಬದಲಾಗಿದೆ. ಆದ್ದರಿಂದ 1973ರ ಚಿತ್ರವನ್ನು 2012ರ ಚಿತ್ರದ ಪಕ್ಕ ಇಡಬೇಡಿ, ಹಿಂದುಮುಂದಿನ ಚಿತ್ರದ ಜೊತೆ ಮಾತ್ರ ಹೋಲಿಸಿ.

- ಶಾನ್ ಕಾನರಿಯ 'ಯೂ ಓನ್ಲಿ ಲಿವ್ ಟ್ವೈಸ್' (1967) 11 ಕೋಟಿ. ಜಾರ್ಜ್ ಲೇಜನ್‌ಬಿಯ ಒಂದೇ ಚಿತ್ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್' (1969) 8 ಕೋಟಿ.
- ಕಾನರಿ ಮರಳಿ ಬಂದ 'ಡೈಮಂಡ್ಸ್ ಆರ್ ಫಾರೆವರ್' (1971) 11.6 ಕೋಟಿ. ರೋಜರ್ ಮೂರ್ ಮೊದಲ ಚಿತ್ರ (1973) 16 ಕೋಟಿ, ಎರಡನೆಯದು (1974) 10 ಕೋಟಿಗಿಂತ ಕಡಿಮೆ, ಮೂರನೆಯದು (1977) 18.5 ಕೋಟಿ.
- ಮೂರ್ ಕೊನೆಯ ಚಿತ್ರ (1985) 15 ಕೋಟಿ. ಟಿಮೊಥಿ ಡಾಲ್ಟನ್ ಮೊದಲನೆಯದು (1987) 19 ಕೋಟಿ, ಎರಡನೆಯದು (1989) 15.6 ಕೋಟಿ. ಮೂರನೆಯದು ಬರಲೇ ಇಲ್ಲ.
- ಪಿಯರ್ಸ್ ಬ್ರಾಸ್ನನ್ 'ಗೋಲ್ಡನ್ ಐ' (1995) 35 ಕೋಟಿ, ಎರಡನೆಯದು (1997) 33 ಕೋಟಿ, ಮೂರನೆಯದು (1999) 36 ಕೋಟಿ, ನಾಲ್ಕನೆಯದು (2002) 43 ಕೋಟಿ.
- ಕ್ರೇಗ್ 'ಕಸೀನೋ ರಾಯಲ್' (2006) 60 ಕೋಟಿ, ಎರಡನೆಯದು (2008) 59 ಕೋಟಿ, ಮೂರನೆಯ 'ಸ್ಕೈಫಾಲ್' (2012) 110 ಕೋಟಿ.

ಒಂದು ಮಾದರಿ ಎದ್ದು ಕಾಣುತ್ತೆ. ಐದು ಸಲ ಹೊಸ ಮುಖ ಬಂತು. ನಾಲ್ಕು ಸಲ ಹೊಸಬನ ಮೊದಲ ಚಿತ್ರ ಹಳಬನ ಕೊನೆಯ ಚಿತ್ರಕ್ಕಿಂತ ಹೆಚ್ಚು ಗಳಿಸಿತು. ಎರಡನೇ ಚಿತ್ರ ಮಾಡಿದ ನಾಲ್ವರಿಗೂ ಗಳಿಕೆ ಇಳಿಯಿತು. ಮೂರನೆಯದು ಮಾಡಿದ ಮೂವರಿಗೂ ಮತ್ತೆ ಏರಿತು.

ನಾನು ಇದನ್ನು ಹೀಗೆ ಓದುತ್ತೇನೆ. ಮೊದಲ ಚಿತ್ರಕ್ಕೆ ಜನ ಬರೋದು ಕುತೂಹಲಕ್ಕೆ: "ಇವನು ಹೆಂಗೆ ಮಾಡಿದಾನೆ ನೋಡೋಣ". ಎರಡನೇ ಚಿತ್ರದಲ್ಲಿ ಆ ಕುತೂಹಲ ಇರಲ್ಲ, ಕಥೆಯೇ ಎಳೆಯಬೇಕು. ಮೂರನೆಯ ಹೊತ್ತಿಗೆ ಬರೆಯುವವರಿಗೆ ಈ ನಟನಿಗೆ ಏನು ಹೊಂದುತ್ತೆ ಅನ್ನೋದು ತಿಳಿದಿರುತ್ತೆ, ಜನಕ್ಕೂ ಮುಖ ಒಗ್ಗಿರುತ್ತೆ. ಹಾಗಾಗಿ ಹೊಸ ಬಾಂಡ್‌ನ ಮೊದಲ ವಾರದ ಗಳಿಕೆ ನೋಡಿ ಗೆದ್ದ, ಸೋತ ಅಂತ ತೀರ್ಪು ಕೊಡೋದು ಅವಸರ. ನಿಜವಾದ ಪರೀಕ್ಷೆ ಇರೋದು ಎರಡನೇ ಚಿತ್ರದ ಇಳಿತವನ್ನು ತಾಳಿಕೊಂಡು ಮೂರನೆಯದಕ್ಕೆ ದುಡ್ಡು ಹಾಕುವ ಧೈರ್ಯದಲ್ಲಿ. ಡಾಲ್ಟನ್‌ಗೆ ಆ ಅವಕಾಶ ಸಿಗಲಿಲ್ಲ. ಕಾನೂನು ವ್ಯಾಜ್ಯದಲ್ಲಿ ಸರಣಿ ಆರು ವರ್ಷ ನಿಂತಿತು.

ಇನ್ನೊಂದು ವಿಷಯ ಇದೆ. ಬಹುಮಟ್ಟಿಗೆ ಮುಖ ಬದಲಾದಾಗ ರಾಜಕೀಯವೂ ಬದಲಾಗಿದೆ. 'ಗೋಲ್ಡನ್ ಐ' ಬರುವ ಹೊತ್ತಿಗೆ ಸೋವಿಯತ್ ಒಕ್ಕೂಟವೇ ಇರಲಿಲ್ಲ. ಬಾಂಡ್‌ನ ಮೇಲಧಿಕಾರಿ ಎಂ ಪಾತ್ರಕ್ಕೆ ಜೂಡಿ ಡೆಂಚ್, ಅಂದರೆ ಒಬ್ಬ ಹೆಂಗಸು ಬಂದರು. 'ಕಸೀನೋ ರಾಯಲ್' ಬಂದಿದ್ದು 2001ರ ಭಯೋತ್ಪಾದಕ ದಾಳಿಯ ನಂತರದ ಜಗತ್ತಿನಲ್ಲಿ, ಅದರ ಖಳ ಭಯೋತ್ಪಾದಕರ ದುಡ್ಡು ನೋಡಿಕೊಳ್ಳುವವನು. ಹೊಸ ಮುಖ ಅನ್ನೋದು "ಹಳೆ ಶತ್ರು ಹಳಸಿದ್ದಾನೆ" ಅಂತ ಒಪ್ಪಿಕೊಳ್ಳಲು ಸಿಕ್ಕ ನೆಪವೂ ಹೌದು.

1983ರ ಪಂದ್ಯ

ಮುಖ ದೊಡ್ಡದೋ ಪಾತ್ರ ದೊಡ್ಡದೋ ಅನ್ನೋದಕ್ಕೆ ಪ್ರಯೋಗಶಾಲೆಯಲ್ಲಿ ಮಾಡಿದಂಥ ಪರೀಕ್ಷೆ ಒಂದು ಇದೆ. 1983ರಲ್ಲಿ ಎರಡು ಬಾಂಡ್ ಚಿತ್ರ ಬಂದವು. ಒಂದು ಅಧಿಕೃತ ಸರಣಿಯ 'ಆಕ್ಟೋಪಸಿ', ಮೂರ್ ಅಭಿನಯದ್ದು. ನಮ್ಮ ಉದಯಪುರದಲ್ಲಿ ಚಿತ್ರೀಕರಣ, ಕಬೀರ್ ಬೇಡಿ ಮತ್ತು ವಿಜಯ್ ಅಮೃತರಾಜ್ ಅದರಲ್ಲಿದ್ದಾರೆ. ಇನ್ನೊಂದು ಹಕ್ಕಿನ ಜಗಳದಿಂದ ಹುಟ್ಟಿದ 'ನೆವರ್ ಸೇ ನೆವರ್ ಅಗೇನ್'. ಅದರಲ್ಲಿ ಮೂಲ ಬಾಂಡ್ ಕಾನರಿಯೇ ಇದ್ದರು. ಆದರೆ ಆ ಹೆಸರಾಂತ ಸಂಗೀತ ಇಲ್ಲ, ಶುರುವಿನ ಪಿಸ್ತೂಲು ನಳಿಕೆಯ ದೃಶ್ಯ ಇಲ್ಲ.

ಅಂದರೆ ಒಂದು ಕಡೆ ಮೂಲ ಮುಖ, ಇನ್ನೊಂದು ಕಡೆ ಮೂಲ ಗುರುತುಗಳು. 'ಆಕ್ಟೋಪಸಿ' ಸುಮಾರು 18.7 ಕೋಟಿ ಡಾಲರ್ ಗಳಿಸಿತು, ಕಾನರಿ ಚಿತ್ರ ಸುಮಾರು 16 ಕೋಟಿ. ಗುರುತುಗಳು ಗೆದ್ದವು. ಆದರೆ ಅಂತರ ದೊಡ್ಡದಲ್ಲ. ಮುಖಕ್ಕೂ ಬೆಲೆ ಇದೆ ಅನ್ನೋದನ್ನು ಈ ಅಂಕಿ ಅಲ್ಲಗಳೆಯಲ್ಲ. ಮುಖ ಒಂದೇ ಸಾಕು ಅನ್ನೋ ವಾದ ಮಾತ್ರ ಬಿದ್ದುಹೋಗುತ್ತೆ.

ನಮ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು. ಮಗ್ಗದ ಜಕಾರ್ಡ್ ಕಾರ್ಡ್‌ಗಳಲ್ಲಿ ಡಿಸೈನ್ ಉಳಿದಿರುತ್ತೆ. ನೇಯುವ ಕೈ ಬದಲಾದರೂ ಅದೇ ಅಂಚು, ಅದೇ ಸೆರಗು ಬರುತ್ತೆ. ಕೈ ಹದ ತಪ್ಪಿದರೆ ಗೊತ್ತಾಗುತ್ತೆ ನಿಜ, ಡಿಸೈನ್ ಮಾತ್ರ ಹೋಗಲ್ಲ. ಬಾಂಡ್‌ಗೆ ಅಂಥ ಕಾರ್ಡ್‌ಗಳಿವೆ: ನಂಬರ್, ಸಂಗೀತ, ಎಂ, ಕ್ಯೂ, ಪರಿಚಯ ಹೇಳಿಕೊಳ್ಳುವ ರೀತಿ. ಅದನ್ನೆಲ್ಲ ದಶಕಗಳ ಕಾಲ ಕಾಪಾಡಿದ ಒಂದು ಕಂಪನಿಯೂ ಇತ್ತು.

ಎಲ್ಲ ಗೂಢಚಾರಿಗೂ ಈ ಅನುಕೂಲ ಇಲ್ಲ

ಬೋರ್ನ್ ಸರಣಿ ನೋಡಿ. ಮ್ಯಾಟ್ ಡೇಮನ್‌ನ ಮೂರನೇ ಚಿತ್ರ (2007) ಸುಮಾರು 44 ಕೋಟಿ ಡಾಲರ್ ಗಳಿಸಿತು. 2012ರಲ್ಲಿ ಡೇಮನ್ ಬಿಟ್ಟು, ಜೆರೆಮಿ ರೆನ್ನರ್‌ನನ್ನು ಬೇರೊಬ್ಬ ಏಜೆಂಟ್ ಆಗಿ ಹಾಕಿ 'ದಿ ಬೋರ್ನ್ ಲೆಗಸಿ' ಮಾಡಿದರು. 28 ಕೋಟಿ ಆಸುಪಾಸಿಗೆ ಇಳಿಯಿತು. 2016ರಲ್ಲಿ ಡೇಮನ್ ವಾಪಸ್ ಬಂದಾಗ ಮತ್ತೆ 41 ಕೋಟಿ. ಕಾರಣ ಸರಳ. ಬೋರ್ನ್ ಕಥೆಯ ಪ್ರಶ್ನೆಯೇ "ನಾನು ಯಾರು?" ಅನ್ನೋದು. ಆ ಪ್ರಶ್ನೆ ಕೇಳಿದ ಮನುಷ್ಯನೇ ಇಲ್ಲದಿದ್ದರೆ ಉತ್ತರದ ಬಗ್ಗೆ ಯಾರಿಗೆ ಆಸಕ್ತಿ?

ಜಾಕ್ ರಯಾನ್ ಇನ್ನೊಂದು ಥರ. ಅಲೆಕ್ ಬಾಲ್ಡ್ವಿನ್ (1990), ಹ್ಯಾರಿಸನ್ ಫೋರ್ಡ್ (1992, 1994), ಬೆನ್ ಆಫ್ಲೆಕ್ (2002), ಕ್ರಿಸ್ ಪೈನ್ (2014). ಐದು ಚಿತ್ರಕ್ಕೆ ನಾಲ್ಕು ಮುಖ. ಮೊದಲ ಚಿತ್ರ 20 ಕೋಟಿ ಡಾಲರ್ ಗಳಿಸಿದ್ದರೆ, 24 ವರ್ಷದ ಮೇಲೆ ಬಂದ ಐದನೆಯದು 13.5 ಕೋಟಿಯಲ್ಲಿ ನಿಂತಿತು. ಇಲ್ಲಿ ಮುಖ ಬದಲಿಸಿದ್ದು ತಪ್ಪಲ್ಲ. ಆಫ್ಲೆಕ್‌ಗಾಗಲೀ ಪೈನ್‌ಗಾಗಲೀ ಎರಡನೇ ಚಿತ್ರ ಸಿಗಲಿಲ್ಲ. ಇಬ್ಬರ ಕಾಲದಲ್ಲೂ ಪಾತ್ರವನ್ನು ಎಳೆಯನನ್ನಾಗಿ ಮಾಡಿ ಶುರುವಿಂದ ಶುರು ಮಾಡಿದರು. ರೂಢಿಯಾಗಲು ಯಾವ ಮುಖಕ್ಕೂ ಕಾಲ ಕೊಡಲಿಲ್ಲ.

ಹಿಂದಿಯಲ್ಲಿ ಯಶ್ ರಾಜ್ ಮೂರನೇ ದಾರಿ ಹಿಡಿಯಿತು. ಯಾರನ್ನೂ ಬದಲಿಸದೆ ಸಲ್ಮಾನ್, ಹೃತಿಕ್, ಶಾರುಖ್ ಮೂವರನ್ನೂ ಒಂದೇ ಲೋಕದಲ್ಲಿ ಕೂರಿಸಿತು. 'ಪಠಾಣ್' (2023) ಸಾವಿರ ಕೋಟಿ ರೂಪಾಯಿ ದಾಟಿತು. ಅದೇ ವರ್ಷ 'ಟೈಗರ್ 3' ಅದರ ಹತ್ತಿರಕ್ಕೂ ಹೋಗಲಿಲ್ಲ. 2025ರ 'ವಾರ್ 2'ಗೆ ಜೂನಿಯರ್ ಎನ್‌ಟಿಆರ್ ಸೇರಿಸಿದರೂ ನಿರೀಕ್ಷೆ ಮುಟ್ಟಲಿಲ್ಲ. ಸ್ಟಾರ್‌ಗಳನ್ನು ಕೂಡಿಸುತ್ತಾ ಹೋದರೆ ಸಂಭಾವನೆ ಖಂಡಿತ ಏರುತ್ತೆ, ಪ್ರೇಕ್ಷಕರು ಏರಲೇಬೇಕು ಅಂತೇನಿಲ್ಲ.

ಕನ್ನಡ ಪ್ರೇಕ್ಷಕರು ಹೊಸ ಮುಖ ಒಪ್ಪಲ್ವಾ?

"ನಮ್ಮ ಜನ ಹೀರೋ ನೋಡೋಕೆ ಬರ್ತಾರೆ, ಪಾತ್ರ ನೋಡೋಕಲ್ಲ" ಅನ್ನೋ ಮಾತನ್ನು ಗಾಂಧಿನಗರದಲ್ಲಿ ವೇದವಾಕ್ಯದಂತೆ ಹೇಳ್ತಾರೆ. ನಾನು ಇದನ್ನು ಪೂರ್ತಿ ಒಪ್ಪಲ್ಲ.

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಕುರುಕ್ಷೇತ್ರ ನಾಟಕ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸ್ತಾರೆ. ಪಾತ್ರ ಮಾಡುವವರೇ ದುಡ್ಡು ಕಟ್ಟುತ್ತಾರೆ, ಕೃಷ್ಣ, ದುರ್ಯೋಧನನಂಥ ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಹೋದ ವರ್ಷ ದುರ್ಯೋಧನ ಆಗಿದ್ದವರು ಈ ವರ್ಷ ಪ್ರೇಕ್ಷಕರ ಸಾಲಲ್ಲಿರಬಹುದು. ಜನ ರಾತ್ರಿಯಿಡೀ ಕೂತು ನೋಡ್ತಾರೆ, ಹೊಸಬನನ್ನು ಹಳಬನ ಜೊತೆ ತೂಗಿ ಮಾತಾಡ್ತಾರೆ. ಪಕ್ಕದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಶುರುವಾಗಿ ದಶಕಗಳ ಕಾಲ ನಡೆದಿದ್ದು ಹೀಗೇ, ಪಾತ್ರಗಳು ಕೈಯಿಂದ ಕೈಗೆ ದಾಟುತ್ತಾ. ರಾಜ್‌ಕುಮಾರ್ ತಯಾರಾಗಿದ್ದೂ ಆ ಕಂಪನಿಯಲ್ಲೇ. 1943ರಲ್ಲಿ ಸುಬ್ಬಯ್ಯ ನಾಯ್ಡು ಮಾಡಿದ್ದ ಹರಿಶ್ಚಂದ್ರನ ಪಾತ್ರಕ್ಕೆ 1965ರಲ್ಲಿ ರಾಜ್ ಬಂದಾಗ ಜನ ಕೈಬಿಡಲಿಲ್ಲವಲ್ಲ.

ಕಾದಂಬರಿಯಲ್ಲೂ ಅಷ್ಟೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ಮುಖವೇ ಇರಲಿಲ್ಲ. ಹೆಸರು ಸಾಕಾಗಿತ್ತು, ಬಾಡಿಗೆ ಪುಸ್ತಕದಂಗಡಿಗೆ ಜನ ಓಡುತ್ತಿದ್ದರು.

ಸಿನಿಮಾದಲ್ಲಿ ಹತ್ತಿರದ ಉದಾಹರಣೆ 'ಕೋಟಿಗೊಬ್ಬ'. 2001ರಲ್ಲಿ ವಿಷ್ಣುವರ್ಧನ್, 2016ರ ಎರಡನೇ ಭಾಗದಲ್ಲಿ ಸುದೀಪ್. ಕಥೆಗೆ ಸಂಬಂಧವೇ ಇಲ್ಲ, ಶೀರ್ಷಿಕೆ ಮಾತ್ರ ಸಾಗಿತು. ಆದರೂ ಓಡಿತು, ಮೂರನೆಯದೂ ಬಂತು. 'ಆಪ್ತಮಿತ್ರ'ದ ಕುಟುಂಬ ಇನ್ನೂ ಸ್ವಾರಸ್ಯ. ಮಲಯಾಳಂ ಮೂಲದ (1993) ಅದೇ ಕಥೆ ಕನ್ನಡದಲ್ಲಿ (2004) ವಿಷ್ಣುವರ್ಧನ್‌ಗೆ, ತಮಿಳಿನಲ್ಲಿ (2005) ರಜನಿಕಾಂತ್‌ಗೆ, ಹಿಂದಿಯಲ್ಲಿ (2007) ಅಕ್ಷಯ್ ಕುಮಾರ್‌ಗೆ ಬಂತು. ಮುಂದಿನ ಭಾಗಕ್ಕೆ ಹಿಂದಿಯವರು ಕಾರ್ತಿಕ್ ಆರ್ಯನ್‌ನನ್ನು ತಂದರು, 'ಭೂಲ್ ಭುಲಯ್ಯಾ 2' (2022) ದೊಡ್ಡ ಹಿಟ್. ತಮಿಳಿನಲ್ಲಿ ರಾಘವ ಲಾರೆನ್ಸ್ ಬಂದರು, 'ಚಂದ್ರಮುಖಿ 2' (2023) ಸೋತಿತು. ಕಥೆ ಚಿತ್ರಕಥೆಯ ಗುಣದಲ್ಲೂ ವ್ಯತ್ಯಾಸ ಇತ್ತು, ನಿಜ. ಆದರೆ ಅಕ್ಷಯ್ ಬಿಟ್ಟುಹೋದ ಜಾಗವನ್ನು ತುಂಬೋದಕ್ಕೂ ರಜನಿ ಬಿಟ್ಟುಹೋದ ಜಾಗವನ್ನು ತುಂಬೋದಕ್ಕೂ ಇರುವ ಭಾರ ಒಂದೇ ಅಲ್ಲ.

ಹಾಗಾದರೆ 999 ಯಾಕೆ ನಿಂತಿತು?

ವಯಸ್ಸು ಕಾರಣ ಅಂತ ಹೇಳೋಕಾಗಲ್ಲ. 1978ರಲ್ಲಿ ರಾಜ್‌ಗೆ 49. ಮೂರ್ 57ರಲ್ಲೂ ಬಾಂಡ್ ಆಗಿದ್ದರು. ನನಗೆ ಮೂರು ಕಾರಣ ಕಾಣುತ್ತವೆ.

ಒಂದು, ಮುಖ ಪಾತ್ರಕ್ಕಿಂತ ದೊಡ್ಡದಾಯಿತು. 1968ರ ರಾಜ್‌ಕುಮಾರ್ ಜನಪ್ರಿಯ ನಾಯಕ. 'ಕಸ್ತೂರಿ ನಿವಾಸ' (1971), 'ಬಂಗಾರದ ಮನುಷ್ಯ' (1972) ಆದಮೇಲೆ ಅವರು ನೀತಿಯ ಪ್ರತೀಕ. 1982ರ ಗೋಕಾಕ್ ಚಳವಳಿಯ ನಂತರ ಭಾಷೆಯ ಪ್ರತೀಕ. ಕೋಟು ತೊಟ್ಟು ಪಿಸ್ತೂಲು ಹಿಡಿದ ಏಜೆಂಟ್ ಆ ಎತ್ತರಕ್ಕೆ ಚಿಕ್ಕವನಾದ. ಅದೇ ದೊರೈ–ಭಗವಾನ್ ಮತ್ತು ರಾಜ್ 1992ರಲ್ಲಿ ಮತ್ತೆ ಸೇರಿದಾಗ ಮಾಡಿದ್ದು 999 ಅಲ್ಲ, ಸಾರಾಯಿ ವಿರುದ್ಧದ 'ಜೀವನ ಚೈತ್ರ'. ಇನ್ನೊಬ್ಬ ನಟ 999 ಆಗುವುದೆಂದರೆ ಆ ಪ್ರತೀಕದ ಜೊತೆ ಹೋಲಿಕೆಗೆ ನಿಲ್ಲಬೇಕು. ಯಾರಿಗೆ ಬೇಕಿತ್ತು ಆ ಉಸಾಬರಿ?

ಎರಡು, ಪಾತ್ರವನ್ನು ಆಸ್ತಿಯಾಗಿ ನೋಡಿ ಕಾಪಾಡುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ಬಾಂಡ್ ಹಿಂದೆ ಇಯಾನ್ ಫ್ಲೆಮಿಂಗ್ ಕಾದಂಬರಿಗಳಿದ್ದವು, ಹಕ್ಕು ಹಿಡಿದು ಕೂತ ಸಂಸ್ಥೆ ಇತ್ತು. ನಟ ಹೋದರೂ ಹಕ್ಕು ಹೋಗುತ್ತಿರಲಿಲ್ಲ. ನಮ್ಮಲ್ಲಿ ಯೋಜನೆ ಶುರುವಾಗೋದೇ ಹೀರೋ ಕಾಲ್‌ಷೀಟ್‌ನಿಂದ. ಕಥೆ ಆಮೇಲೆ ಬರುತ್ತೆ.

ಮೂರು, ನಮ್ಮಲ್ಲಿ ದಾಟಿಸುವಿಕೆ ನಡೆಯೋದು ರಕ್ತಸಂಬಂಧದಲ್ಲಿ. 'ಗಂಧದ ಗುಡಿ' (1973) ರಾಜ್ ಚಿತ್ರ. 90ರ ದಶಕದ ಎರಡನೇ ಭಾಗಕ್ಕೆ ಶಿವರಾಜ್‌ಕುಮಾರ್ ಬಂದರು. 2022ರಲ್ಲಿ ಅದೇ ಹೆಸರಿನ ಸಾಕ್ಷ್ಯಚಿತ್ರ ಪುನೀತ್ ಅವರ ಕೊನೆಯ ಕೆಲಸವಾಗಿ ತೆರೆಗೆ ಬಂತು. ಶೀರ್ಷಿಕೆ ಮನೆಯೊಳಗೇ ಉಳಿಯಿತು. ಅದರಲ್ಲಿ ಪ್ರೀತಿ ಇದೆ, ಗೌರವ ಇದೆ, ಇಲ್ಲ ಅನ್ನಲ್ಲ. ಆದರೆ ಹೊರಗಿನ ಪ್ರತಿಭೆಗೆ ಆ ಬಾಗಿಲು ತೆರೆಯೋದು ಕಷ್ಟ.

ಇದು ಸಿನಿಮಾದ ಅಭ್ಯಾಸ ಮಾತ್ರವಲ್ಲ. ನಮಗೆ ಹತ್ತಿರದ ಆಂಧ್ರದ ಊರು ಹಿಂದೂಪುರ. ಅಲ್ಲಿನ ವಿಧಾನಸಭಾ ಕ್ಷೇತ್ರವನ್ನು ಎನ್‌ಟಿಆರ್ 1985, 1989, 1994ರಲ್ಲಿ ಗೆದ್ದರು. 1996ರ ಉಪಚುನಾವಣೆಯಲ್ಲಿ ಮಗ ಹರಿಕೃಷ್ಣ. 2014ರಿಂದ ಇನ್ನೊಬ್ಬ ಮಗ ಬಾಲಕೃಷ್ಣ. ಕರ್ನಾಟಕದ ಕ್ಷೇತ್ರಗಳ ಪಟ್ಟಿ ನಾನು ಕೊಡಬೇಕಿಲ್ಲ, ನಿಮ್ಮ ತಾಲ್ಲೂಕಿನದ್ದು ನಿಮಗೆ ಗೊತ್ತು. ಸ್ಥಾನ ದೊಡ್ಡದು, ಅದರಲ್ಲಿ ಕೂತವರು ಬಂದುಹೋಗುವವರು ಅನ್ನೋ ಭಾವನೆ ನಮಗೆ ಪರದೆಯ ಮೇಲೂ ಕಷ್ಟ, ಪರದೆಯ ಆಚೆಗೂ ಕಷ್ಟ.

ಇವತ್ತಿಗೆ ಇದು ಯಾಕೆ ಬೇಕು

ಕನ್ನಡ ಸಿನಿಮಾ ಈಗ ಸರಣಿಗಳ ಕಾಲದಲ್ಲಿದೆ. 'ಕೆಜಿಎಫ್' ಎರಡು ಭಾಗ, 'ಕಾಂತಾರ' ಎರಡು. 'ಕೆಜಿಎಫ್ 2' (2022) ಸಾವಿರ ಕೋಟಿ ರೂಪಾಯಿ ದಾಟಿತು. ಆದರೆ ಯಶ್ ಇಲ್ಲದ ಕೆಜಿಎಫ್, ರಿಷಬ್ ಇಲ್ಲದ ಕಾಂತಾರವನ್ನು ಊಹಿಸಿಕೊಳ್ಳಿ. ಕಷ್ಟ ಅಲ್ವಾ? ಹಾಗಿದ್ದರೆ ನಮ್ಮ ಹತ್ತಿರ ಇರೋದು ಒಬ್ಬೊಬ್ಬ ನಟನ ಡೇಟ್ಸ್ ಮೇಲೆ ನಿಂತ ಯೋಜನೆಗಳು ಮಾತ್ರ.

ಇದರ ಬಿಸಿ ತಟ್ಟೋದು ತಾಲ್ಲೂಕು ಊರುಗಳ ಸಿಂಗಲ್ ಸ್ಕ್ರೀನ್‌ಗೆ. ದೊಡ್ಡ ಹೀರೋ ಎರಡು ಮೂರು ವರ್ಷಕ್ಕೊಂದು ಚಿತ್ರ ಮಾಡಿದರೆ ನಡುವೆ ಥಿಯೇಟರ್ ನಡೆಸೋದು ಹೇಗೆ? ಗಡಿ ಊರುಗಳಲ್ಲಿ ಆ ಖಾಲಿ ಜಾಗವನ್ನು ತೆಲುಗು ತುಂಬುತ್ತೆ. ಅದರಲ್ಲಿ ತಪ್ಪೇನಿಲ್ಲ, ನಾವೂ ಖುಷಿಯಿಂದ ನೋಡ್ತೀವಿ. ಆದರೆ ಗಡಿಯಲ್ಲಿ ಕನ್ನಡ ಉಳಿಯಬೇಕು ಅಂತ ಪ್ರತಿ ನವೆಂಬರ್‌ನಲ್ಲಿ ಭಾಷಣ ಮಾಡುವವರು, ಉಳಿದ ಹನ್ನೊಂದು ತಿಂಗಳು ಅಲ್ಲಿನ ಹುಡುಗ ಹುಡುಗಿಯರಿಗೆ ಕನ್ನಡದಲ್ಲಿ ನೋಡೋಕೆ ಏನಿದೆ ಅಂತಲೂ ಕೇಳಬೇಕು. ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂದೆವು. ಆ ತಡೆಯ ವಿರುದ್ಧ ಸ್ಪರ್ಧಾ ಆಯೋಗದ ಆದೇಶ ಬಂದಿದ್ದು 2015ರಲ್ಲಿ. ಅಲ್ಲಿಯವರೆಗೆ ಹಾಲಿವುಡ್ ಚಿತ್ರಗಳು ತೆಲುಗು, ತಮಿಳು, ಹಿಂದಿ ಮಾತಾಡಿದವು. ಕನ್ನಡದ ಗೂಢಚಾರಿ 1978ರಲ್ಲೇ ನಿವೃತ್ತ. ಎರಡೂ ಬಾಗಿಲು ಒಟ್ಟಿಗೆ ಮುಚ್ಚಿದ್ದವು.

ಹಾಗಾದರೆ ಮುಖ ಬದಲಾದ ಗೂಢಚಾರಿ ಸರಣಿ ಗೆಲುವು ಉಳಿಸಿಕೊಳ್ಳಬಹುದಾ? ಉಳಿಸಿಕೊಳ್ಳಬಹುದು, ನಾಲ್ಕು ಷರತ್ತಿನ ಮೇಲೆ. ಪಾತ್ರಕ್ಕೆ ನಟನನ್ನು ಬಿಟ್ಟು ಸ್ವಂತ ಗುರುತುಗಳಿರಬೇಕು. ಆ ಗುರುತುಗಳನ್ನು ಕಾಯುವ ಸಂಸ್ಥೆ ಇರಬೇಕು. ಹೊಸ ಮುಖದ ಜೊತೆ ಹೊಸ ಕಾಲದ ಪ್ರಶ್ನೆಯೂ ಬರಬೇಕು. ಎರಡನೇ ಚಿತ್ರ ಇಳಿದಾಗ ಗಾಬರಿಯಾಗದೆ ಮೂರನೆಯದನ್ನು ಮಾಡಲು ಸಾಲುವಷ್ಟು ಹದವಾದ ಬಜೆಟ್ ಇರಬೇಕು. ಬಾಂಡ್‌ಗೆ ಈ ನಾಲ್ಕೂ ಇದ್ದಾಗ ಗೆದ್ದ. ಎರಡನೇ ಷರತ್ತು ಈಗ ಅಮೆಜಾನ್ ಕೈಗೆ ಹೋಗಿರುವುದರಿಂದ ಮುಂದೇನು ಅನ್ನೋದೇ ನಿಜವಾದ ಕುತೂಹಲ. ಒಂದು ಕುಟುಂಬ ನಿಧಾನಕ್ಕೆ ಕಾದು ಮಾಡುತ್ತಿದ್ದ ಕೆಲಸವನ್ನು ಒಂದು ಟೆಕ್ ಕಂಪನಿ ಎಷ್ಟು ತಾಳ್ಮೆಯಿಂದ ಮಾಡುತ್ತೆ?

ಕನ್ನಡದಲ್ಲಿ 999ಕ್ಕೆ ಈಗ ಹೊಸ ಜೀವ ಕೊಡಬಹುದಾ ಅಂತ ಕೇಳಿದರೆ, ಕೊಡಬಹುದು ಅಂತಲೇ ನನ್ನ ಉತ್ತರ. ಐದು ದಶಕ ಕಳೆದಿದೆ, ಹೋಲಿಕೆಯ ಭಾರ ಸ್ವಲ್ಪ ಇಳಿದಿದೆ. ಆದರೆ ಪೋಸ್ಟರ್‌ನಲ್ಲಿ ಯಾರು ಅನ್ನೋದಕ್ಕೆ ಮೊದಲು ಇನ್ನೊಂದು ತೀರ್ಮಾನ ಆಗಬೇಕು: ಈ ಏಜೆಂಟ್ ಯಾರಿಂದ ಯಾರನ್ನು ಕಾಪಾಡುತ್ತಾನೆ? ಇವತ್ತಿನ ಹಿಂದಿ ಗೂಢಚಾರಿ ಚಿತ್ರಗಳಲ್ಲಿ ಅದಕ್ಕೆ ಒಂದೇ ಸಿದ್ಧ ಉತ್ತರ, ಪಕ್ಕದ ದೇಶ. 1968ರಲ್ಲಿ ನಮ್ಮವನ ಕೇಸುಗಳು ಕಳ್ಳಸಾಗಣೆಯ ಲೋಕದ ಸುತ್ತ ಇದ್ದವು. ಇವತ್ತು ಸೈಬರ್ ವಂಚನೆ, ಡೇಟಾ ಕಳವು, ಗಣಿ ದುಡ್ಡು ಅಂತ ಕರ್ನಾಟಕದಲ್ಲೇ ಬೇಕಾದಷ್ಟು ಕೇಸಿವೆ. ಆ ಪಾತ್ರ ಹೆಂಗಸಿಗೂ ಸಿಗಬಹುದು, ಪಾವಗಡದ ಕಡೆಯಿಂದ ಬಂದ, ಹೆಸರೇ ಕೇಳದ ಹುಡುಗನಿಗೂ ಸಿಗಬಹುದು. ಮೊದಲ ಚಿತ್ರಕ್ಕೆ ಜನ ಕುತೂಹಲಕ್ಕೆ ಬಂದೇ ಬರ್ತಾರೆ. ಎರಡನೆಯದು ಸ್ವಲ್ಪ ಇಳಿದರೆ ನಿರ್ಮಾಪಕರು ಆ ಬಾಂಡ್ ಲೆಕ್ಕವನ್ನು ಇನ್ನೊಮ್ಮೆ ತೆಗೆದು ನೋಡಲಿ.